ಹಂಪನಕಟ್ಟೆಯಿಂದ ಕೊಣಾಜೆಗೆ: ಒಂದು ಸರಕಾರಿ ಕಾಲೇಜಿನ ಚರಿತ್ರೆ

ಮಂಗಳೂರಿನ ಕಾಲೇಜುಗಳ ಚರಿತ್ರೆ ಎಂದಾಗ ನಮ್ಮವರು ಸಾಮಾನ್ಯವಾಗಿ 1880ರ ಸಂತ ಅಲೋಶಿಯಸ್ ಕಾಲೇಜಿನಿಂದಲೋ 1921ರ ಸಂತ ಆಗ್ನೆಸ್ ಕಾಲೇಜಿನಿಂದಲೋ ಮಾತು ಆರಂಭಿಸುತ್ತಾರೆ. ಆ ಎರಡೂ ಸಂಸ್ಥೆಗಳ ಸೇವೆ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಅವುಗಳಿಗಿಂತಲೂ ಹಿಂದೆ ಬಾಗಿಲು ತೆರೆದ ಇನ್ನೊಂದು ಸಂಸ್ಥೆ ಬಂದರಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಇದೆ. ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜು ಎಂದರೆ ಇಂದಿನ ವಿದ್ಯಾರ್ಥಿಗಳಿಗೆ ತಿಳಿಯುತ್ತದೆ. ಹಿರಿಯರಿಗೆ ಮಾತ್ರ ಅದು ಗವರ್ನಮೆಂಟ್ ಕಾಲೇಜೇ. ಈಗ ರಥಬೀದಿಯಲ್ಲೂ ಬಲ್ಮಠದಲ್ಲೂ ಬೇರೆ ಸರಕಾರಿ ಕಾಲೇಜುಗಳಿರುವುದರಿಂದ ಅಜ್ಜನ ಕಾಲೇಜು ಯಾವುದೆಂದು ಮೊಮ್ಮಕ್ಕಳಿಗೆ ಗೊಂದಲವಾಗುವುದುಂಟು!

ಜಿಲ್ಲೆಯು ಮದ್ರಾಸ್ ಪ್ರಾಂತದ ಆಡಳಿತದಲ್ಲಿದ್ದ ಕಾಲ ಅದು. 1868ರಲ್ಲಿ ಸರಕಾರಿ ಶಾಲೆಯಾಗಿ ಆರಂಭವಾದ ಈ ಸಂಸ್ಥೆ ಮುಂದೆ ಕಾಲೇಜಿನ ದರ್ಜೆಗೆ ಏರಿತು. ಪರೀಕ್ಷೆ, ಪಠ್ಯ, ಪದವಿ ಎಲ್ಲವೂ ಮದ್ರಾಸ್ ವಿಶ್ವವಿದ್ಯಾನಿಲಯದ್ದು. ಮಕ್ಕಳ ಕವಿಯೆಂದು ನಾವೆಲ್ಲ ಬಲ್ಲ ಪಂಜೆ ಮಂಗೇಶರಾಯರು ಇಲ್ಲಿ ಕನ್ನಡ ಪಂಡಿತರಾಗಿದ್ದರು. 1907ರಲ್ಲಿ ರೈಲು ಮಂಗಳೂರಿಗೆ ಬಂದ ಮೇಲೆ ಕಾಸರಗೋಡು, ಮಂಜೇಶ್ವರ ಕಡೆಯವರಿಗೂ ಈ ಕಾಲೇಜು ಹತ್ತಿರವಾಯಿತು. ನಿಲ್ದಾಣದಲ್ಲಿ ಇಳಿದರೆ ತರಗತಿಗೆ ನಡೆದೇ ಹೋಗಬಹುದಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಆ ಕಡೆಯ ಮಕ್ಕಳು ಓದಲು ಮಂಗಳೂರಿನ ರೈಲು ಹತ್ತುವುದು ನಿಲ್ಲಲಿಲ್ಲ.

ಆಗಸ್ಟ್ 1920ರಲ್ಲಿ ಗಾಂಧೀಜಿಯವರು ಮೌಲಾನಾ ಶೌಕತ್ ಅಲಿಯವರೊಂದಿಗೆ ಮಂಗಳೂರಿಗೆ ಬಂದರು. ಖಿಲಾಫತ್ ಮತ್ತು ಅಸಹಕಾರ ಎರಡೂ ಒಂದೇ ವೇದಿಕೆಯಿಂದ ಕೇಳಿಬಂದ ದಿನಗಳವು. ಕೋಟದಿಂದ ಬಂದು ಸರಕಾರಿ ಕಾಲೇಜು ಸೇರಿದ್ದ ಶಿವರಾಮ ಕಾರಂತರು ಅದೇ ಚಳವಳಿಯ ಬಿಸಿಯಲ್ಲಿ ಓದು ಬಿಟ್ಟು ಹೊರಬಂದರು. 1922ರಲ್ಲಿ ರವೀಂದ್ರನಾಥ ಠಾಗೋರರು ಈ ಕಾಲೇಜಿನ ಸಭಾಂಗಣದಲ್ಲಿ ಮಾತನಾಡಿದರು. ಅದರ ನೆನಪಿಗಾಗಿ ಆ ಸಭಾಂಗಣಕ್ಕೆ ರವೀಂದ್ರ ಕಲಾಭವನ ಎಂಬ ಹೆಸರಿದೆ.

ಇಷ್ಟು ಹತ್ತಿರದಲ್ಲಿದ್ದ ಕಾಲೇಜಿಗೆ ನಮ್ಮ ಸಮುದಾಯದ ಮಕ್ಕಳು ಯಾಕೆ ತಡವಾಗಿ ಬಂದರು? ಬಂದರಿನಲ್ಲಿ ಅಕ್ಕಿ, ಮೀನು, ಮರದ ವ್ಯಾಪಾರ ನಡೆಸುತ್ತಿದ್ದ ಬ್ಯಾರಿ ಕುಟುಂಬಗಳಲ್ಲಿ ಹುಡುಗ ಲೆಕ್ಕ ಬರೆಯಲು ಕಲಿತರೆ ಅಂಗಡಿಗೆ ಸೇರುತ್ತಿದ್ದ. ಬೀಡಿ ಕಟ್ಟುವ ಮನೆಗಳಲ್ಲಿ ಕಾಲೇಜಿನ ಮಾತೇ ಏಳುತ್ತಿರಲಿಲ್ಲ. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬ್ಬಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಹೀಗೆ ಒಂದೊಂದು ಹೊಸ್ತಿಲಿಗೆ ಒಂದೊಂದು ಭಾಷೆಯಾದಾಗ ಮೊದಲ ತಲೆಮಾರಿನವರು ದಾರಿಯಲ್ಲೇ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಆಂಗ್ಲರ ಶಿಕ್ಷಣದ ಬಗ್ಗೆ ಹಿರಿಯರಿಗಿದ್ದ ಅನುಮಾನವೊಂದೇ ಕಾರಣವೆಂದು ಹೇಳುವುದು ರೂಢಿ. ನನಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ಕೈಯಲ್ಲಿ ಕಾಸಿಲ್ಲದ ಮನೆಯ ಮಟ್ಟಿಗೆ ಅನುಮಾನಕ್ಕಿಂತ ದಿನಗೂಲಿಯ ಲೆಕ್ಕವೇ ಭಾರವಾಗಿತ್ತು.

ರಾಜ್ಯ ಪುನರ್ವಿಂಗಡಣೆಯ ನಂತರ ಕಾಲೇಜಿನ ದಿಕ್ಕು ಮದ್ರಾಸಿನಿಂದ ಮೈಸೂರಿನ ಕಡೆಗೆ ತಿರುಗಿತು. ಆದರೆ ಪದವಿ ಮುಗಿಸಿದವನು ಎಂ.ಎ. ಓದಬೇಕಾದರೆ ಘಟ್ಟ ಹತ್ತಲೇಬೇಕಿತ್ತು. ಆ ಖರ್ಚು ಹೊರಬಲ್ಲ ಮನೆಗಳು ಎಷ್ಟಿದ್ದವು? ಈ ಕೊರತೆಯನ್ನು ನೀಗಲು 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಮಂಗಳೂರಿನಲ್ಲಿ ಸ್ನಾತಕೋತ್ತರ ಕೇಂದ್ರವೊಂದನ್ನು ತೆರೆಯಿತು. ಕೊಣಾಜೆಯ ಗುಡ್ಡದಲ್ಲಿ ಅದು ಬೆಳೆಯಿತು. ಮೈಸೂರಿನ ಮಾನಸಗಂಗೋತ್ರಿಯ ಜಾಡಿನಲ್ಲಿ ಇದಕ್ಕೆ ಮಂಗಳಗಂಗೋತ್ರಿ ಎಂಬ ಹೆಸರಾಯಿತು. ಪ್ರೊ. ಎಸ್.ವಿ. ಪರಮೇಶ್ವರ ಭಟ್ಟರಂಥ ಕವಿ, ವಿದ್ವಾಂಸರು ಇಲ್ಲಿ ಕನ್ನಡ ವಿಭಾಗವನ್ನು ಕಟ್ಟಿದರು.

1980ರ ಸೆಪ್ಟೆಂಬರ್ 10ರಂದು ಆ ಕೇಂದ್ರವೇ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅಂದಿನ ಅವಿಭಜಿತ ದಕ್ಷಿಣ ಕನ್ನಡ ಮತ್ತು ಕೊಡಗು ಅದರ ವ್ಯಾಪ್ತಿ. ಅದರ ಮೊದಲ ಕುಲಪತಿ ಮರ್ಹೂಂ ಪ್ರೊ. ಬಿ. ಶೇಖ್ ಅಲಿಯವರು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕು. ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಪ್ರಾಧ್ಯಾಪಕರಾಗಿದ್ದವರು, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಬಗ್ಗೆ ಆಳವಾಗಿ ಸಂಶೋಧನೆ ಮಾಡಿದವರು. 1784ರಲ್ಲಿ ಟಿಪ್ಪುವಿಗೂ ಇಂಗ್ಲಿಷರಿಗೂ ಒಪ್ಪಂದವಾದ ಊರಿಗೆ ಅದೇ ಚರಿತ್ರೆಯ ವಿದ್ವಾಂಸರು ವಿಶ್ವವಿದ್ಯಾನಿಲಯ ಕಟ್ಟಲು ಬಂದದ್ದು ಸ್ವಾರಸ್ಯಕರ. ಮುಂದೆ ಗೋವಾ ವಿಶ್ವವಿದ್ಯಾನಿಲಯಕ್ಕೂ ಅವರೇ ಮೊದಲ ಕುಲಪತಿಯಾದರು. 2022ರಲ್ಲಿ ಮೈಸೂರಿನಲ್ಲಿ ನಿಧನರಾದಾಗ ಅವರಿಗೆ ತೊಂಬತ್ತು ದಾಟಿತ್ತು. ಅವರು ಬಂದಾಗ ಕೊಣಾಜೆಯಲ್ಲಿದ್ದದ್ದು ಒಂದು ಸ್ನಾತಕೋತ್ತರ ಕೇಂದ್ರ ಮಾತ್ರ. ಹೊಸ ವಿಶ್ವವಿದ್ಯಾನಿಲಯಕ್ಕೆ ಬೇಕಾದ ವಿಭಾಗ, ಪರೀಕ್ಷೆ, ಕಚೇರಿಗಳನ್ನೆಲ್ಲ ಅಲ್ಲಿಂದ ಎಬ್ಬಿಸಬೇಕಿತ್ತು. ನಮ್ಮ ಸಭೆಗಳಲ್ಲಿ ಡಾಕ್ಟರ್, ಇಂಜಿನಿಯರ್‌ಗಳಿಗೆ ಸನ್ಮಾನ ಮಾಡುತ್ತೇವೆ. ಇಂಥ ಇತಿಹಾಸಕಾರರ ಹೆಸರು ಅಲ್ಲಿ ಕೇಳಿಬರುವುದು ಅಪರೂಪ.

1993ರಲ್ಲಿ ಹಂಪನಕಟ್ಟೆಯ ಹಳೆಯ ಸರಕಾರಿ ಕಾಲೇಜು ವಿಶ್ವವಿದ್ಯಾನಿಲಯದ ಘಟಕ ಕಾಲೇಜಾಯಿತು. 1949ರಲ್ಲಿ ಹುಟ್ಟಿದ ಮಡಿಕೇರಿಯ ಸರಕಾರಿ ಕಾಲೇಜು, ಅಂದರೆ ಇಂದಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರಿಯಪ್ಪ ಕಾಲೇಜು ಕೂಡ ಹಾಗೆಯೇ ಸೇರಿತು. ಕೊಡಗಿನ ಚಿಕ್ಕ ಅಳುವಾರದಲ್ಲಿ ಸ್ನಾತಕೋತ್ತರ ಕೇಂದ್ರ, ನೆಲ್ಯಾಡಿಯಲ್ಲಿ ಇನ್ನೊಂದು ಕಾಲೇಜು ಬಂದವು. 2023ರಲ್ಲಿ ಕೊಡಗಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯವಾದಾಗ ಆ ಕಡೆಯ ಆವರಣಗಳು ಅದರ ಪಾಲಾದವು. ಕೊಣಾಜೆಯಲ್ಲಿ ಬ್ಯಾರಿ ಅಧ್ಯಯನ ಪೀಠವೂ ಸ್ಥಾಪನೆಯಾಗಿದೆ. ಒಂದು ಕಾಲದಲ್ಲಿ ಕಾಲೇಜಿನ ಹೊಸ್ತಿಲಲ್ಲಿ ಬಿಟ್ಟು ಬರಬೇಕಾಗಿದ್ದ ಮನೆಮಾತು ಹೀಗೆ ಅಧ್ಯಯನದ ವಿಷಯವಾಯಿತು.

ಇದೇ ಗುಡ್ಡಗಳ ಆಸುಪಾಸಿನಲ್ಲಿ ನಂತರದ ವರ್ಷಗಳಲ್ಲಿ ದೇರಳಕಟ್ಟೆಯ ಯೆನೆಪೋಯ, ನಡುಪದವಿನ ಪಿ.ಎ. ಇಂಜಿನಿಯರಿಂಗ್ ಕಾಲೇಜು, ಇನ್ನೋಳಿಯ ಬ್ಯಾರೀಸ್ ಸಂಸ್ಥೆಗಳು ತಲೆಯೆತ್ತಿದವು. ನಮ್ಮವರದೇ ಸಂಸ್ಥೆಗಳು ಬಂದದ್ದು ಹೆಮ್ಮೆಯ ವಿಷಯ. ಆದರೆ ಬಿ.ಎ., ಬಿ.ಕಾಂ. ಓದಬಯಸುವ ಬಡವರ ಮನೆಯ ಮಗುವಿಗೆ ವೃತ್ತಿಶಿಕ್ಷಣದ ಶುಲ್ಕ ಎಟಕುವುದಿಲ್ಲ. ಆ ಮಗುವಿಗೆ ಹಂಪನಕಟ್ಟೆಯ ಗೇಟು ಇಂದಿಗೂ ಬೇಕು.

ಆ ಗೇಟಿನ ಬಳಿಯೇ ಒಂದು ಕಹಿ ಅಧ್ಯಾಯವೂ ನಡೆಯಿತು. ಅದನ್ನು ಬಿಟ್ಟು ಬರೆದರೆ ಚರಿತ್ರೆ ಪೂರ್ತಿಯಾಗದು. 2022ರ ಮಾರ್ಚ್ 15ರಂದು ಹಿಜಾಬ್ ಪ್ರಕರಣದಲ್ಲಿ ರಾಜ್ಯ ಹೈಕೋರ್ಟಿನ ತೀರ್ಪು ಬಂತು. ಮೇ ತಿಂಗಳಲ್ಲಿ ವಿವಾದ ಈ ಕಾಲೇಜಿನ ಅಂಗಳಕ್ಕೂ ಕಾಲಿಟ್ಟಿತು. ತರಗತಿಯೊಳಗೆ ಶಿರವಸ್ತ್ರಕ್ಕೆ ಅವಕಾಶವಿಲ್ಲವೆಂದಾದಾಗ ಕೆಲವು ವಿದ್ಯಾರ್ಥಿನಿಯರು ಬೇರೆ ಕಾಲೇಜಿಗೆ ಹೋಗಲು ಟಿ.ಸಿ. ಕೇಳಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಕಾನೂನಿನ ವಾದ ಏನೇ ಇರಲಿ, ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಓದಿನ ನಡುವೆ ಕಾಲೇಜು ಬದಲಿಸುವುದು ಎಷ್ಟು ದುಬಾರಿ ಎಂಬುದು ಆ ಮನೆಯವರಿಗೇ ಗೊತ್ತು. ಬೇರೆ ಕಡೆ ಸೀಟು ಸಿಗಬೇಕು, ಶುಲ್ಕ ಹೊಂದಬೇಕು, ಬಸ್ಸು ಸಿಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪುಸ್ತಕ ಕಪಾಟು ಸೇರುತ್ತದೆ.

ಹಂಪನಕಟ್ಟೆಯ ಆವರಣದಲ್ಲೇ ವಿಶ್ವವಿದ್ಯಾನಿಲಯವು ಸಂಜೆ ಕಾಲೇಜನ್ನೂ ತೆರೆಯಿತು. ಹಗಲು ದುಡಿದು ಸಂಜೆ ಓದುವವರಿಗಾಗಿ ಇರುವ ಏರ್ಪಾಡು ಇದು. ಬಂದರಿನ ಅಂಗಡಿಯ ಹುಡುಗ ಶಟರ್ ಎಳೆದು ಅಲ್ಲಿಗೆ ಹೋಗಬೇಕಾದರೆ ರಿಕ್ಷಾ ಕೂಡ ಬೇಕಾಗಿಲ್ಲ.