ವೈರ್‌ಮನ್ ಪರವಾನಗಿ

ವೈರ್‌ಮನ್ ಪರವಾನಗಿಯು ಭಾರತದಲ್ಲಿ ವಿದ್ಯುತ್ ಜೋಡಣೆಯ ಕೆಲಸವನ್ನು ಕೈಯಾರೆ ಮಾಡುವ ವ್ಯಕ್ತಿಗೆ ರಾಜ್ಯ ಸರ್ಕಾರವು ನೀಡುವ ಅನುಮತಿ ಪತ್ರ. ಕರ್ನಾಟಕದಲ್ಲಿ ಇದು ವಿದ್ಯುತ್ ಪರಿವೀಕ್ಷಣಾಲಯ ಇಲಾಖೆಯ ವ್ಯಾಪ್ತಿಗೆ ಸೇರಿದೆ. ಐಟಿಐಯಲ್ಲಿ ಎರಡು ವರ್ಷಗಳ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿದವರಿಗೆ ದೊರೆಯುವ ಪ್ರಮಾಣಪತ್ರವು ವಿದ್ಯಾರ್ಹತೆಯೇ ಹೊರತು ಪರವಾನಗಿಯಲ್ಲ. ಇವೆರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ.

ಪರವಾನಗಿ ಪಡೆದ ಮಾತ್ರಕ್ಕೆ ಸ್ವತಂತ್ರವಾಗಿ ಮನೆಗಳ ವೈರಿಂಗ್ ವಹಿಸಿಕೊಳ್ಳುವಂತಿಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 45ನೆಯ ನಿಯಮದ ಪ್ರಕಾರ ಹೊಸ ಜೋಡಣೆ, ವಿಸ್ತರಣೆ, ಮಾರ್ಪಾಡು, ದುರಸ್ತಿ ಮುಂತಾದವನ್ನು ಪರವಾನಗಿಯುಳ್ಳ ಗುತ್ತಿಗೆದಾರನೇ ವಹಿಸಿಕೊಳ್ಳಬೇಕು. ಅರ್ಹತಾ ಪತ್ರವುಳ್ಳ ಮೇಲ್ವಿಚಾರಕನ ನೇರ ಉಸ್ತುವಾರಿಯಲ್ಲಿ ಅನುಮತಿ ಪತ್ರವುಳ್ಳವರು ಅದನ್ನು ಮಾಡಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಬಂಧನೆಗಳು (ನಿಬಂಧನೆ 29) ಇದನ್ನೇ ಮುಂದುವರಿಸಿದವು. ಅವುಗಳ ಸ್ಥಾನದಲ್ಲಿ 2023ರ ನಿಬಂಧನೆಗಳು ಬಂದಿವೆ.

ಇದಕ್ಕೊಂದು ವಿನಾಯಿತಿಯಿದೆ. ದೀಪ, ಫ್ಯಾನ್, ಫ್ಯೂಸ್, ಸ್ವಿಚ್ಚು ಹಾಗೂ ಗೃಹೋಪಯೋಗಿ ಉಪಕರಣಗಳನ್ನು ಜೋಡಣೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ ಬದಲಿಸುವುದಕ್ಕೆ ಈ ನಿರ್ಬಂಧವಿಲ್ಲ. ಹಾಳಾದ ಸ್ವಿಚ್ಚಿನ ಜಾಗದಲ್ಲಿ ಹೊಸದನ್ನು ಕೂರಿಸಬಹುದು. ಗೀಸರಿಗೆಂದು ಹೊಸ ತಂತಿ ಎಳೆದು ಸಾಕೆಟ್ ಕೊಡುವುದು ಬೇರೆಯ ಮಾತು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಆದ್ದರಿಂದ ಸ್ವಂತ ಉದ್ಯೋಗ ಬಯಸುವವರು ಗುತ್ತಿಗೆದಾರರ ಪರವಾನಗಿಯನ್ನು ಪಡೆಯಬೇಕು, ಇಲ್ಲವೇ ಅಂಥವರ ಕೈಕೆಳಗೆ ದುಡಿಯಬೇಕು. ಹೊಸ ಸಂಪರ್ಕಕ್ಕೆ ಬೆಸ್ಕಾಂ, ಹೆಸ್ಕಾಂ ಮೊದಲಾದ ಕಂಪನಿಗಳು ಗುತ್ತಿಗೆದಾರನ ಸಹಿಯುಳ್ಳ ಕಾಮಗಾರಿ ಪೂರ್ಣತಾ ವರದಿಯನ್ನು ಕೇಳುತ್ತವೆ. ಕೆಲಸವನ್ನು ಯಾರೋ ಮಾಡಿ ಸಹಿಯನ್ನಷ್ಟೇ ತರುವ ರೂಢಿಯು ‘ನೇರ ಉಸ್ತುವಾರಿ’ ಎಂಬ ಷರತ್ತಿಗೆ ವಿರುದ್ಧವಾದದ್ದು.