ಹಸಿವನ್ನು ಹೊಗಳಿದವರು

ಊಟ ಬಿಟ್ಟು ತೆಳ್ಳಗಾಗುವ ಗೀಳು ಟಿವಿ, ಸಿನಿಮಾ ಮತ್ತು ಫ್ಯಾಷನ್ ಲೋಕದ ಕೊಡುಗೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಅರ್ಧ ಸತ್ಯ ಮಾತ್ರ. ಕನ್ನಡಿಯ ಮುಂದೆ ನಿಂತು ಮೈಯನ್ನು ಅಳೆಯುವ ಕಾಲ ಬರುವುದಕ್ಕೆ ಬಹಳ ಹಿಂದೆಯೇ ಯುರೋಪಿನ ಹೆಣ್ಣುಮಕ್ಕಳು ಅನ್ನವನ್ನು ದೂರ ತಳ್ಳಿ ಸೊರಗಿದ್ದುಂಟು. ಅಂದು ಅದಕ್ಕೆ ಸೌಂದರ್ಯವೆಂಬ ಹೆಸರಿರಲಿಲ್ಲ, ಪುಣ್ಯವೆಂಬ ಹೆಸರಿತ್ತು.

ಕ್ರಿ.ಶ. 384ರಲ್ಲಿ ರೋಮ್ ನಗರದಲ್ಲಿ ಬ್ಲೆಸಿಲ್ಲಾ ಎಂಬ ಶ್ರೀಮಂತ ತರುಣಿ ತೀರಿಕೊಂಡಳು. ಮದುವೆಯಾದ ಕೆಲವೇ ತಿಂಗಳಲ್ಲಿ ವಿಧವೆಯಾಗಿ, ಜ್ವರದಿಂದ ಎದ್ದ ಮೇಲೆ ಧರ್ಮಗುರು ಜೆರೋಮರ ಬೋಧನೆಗೆ ಮನಸೋತು ಕಠಿಣ ಉಪವಾಸ ಕೈಗೊಂಡಿದ್ದಳು. ಶವಸಂಸ್ಕಾರದ ವೇಳೆ ತಾಯಿ ಪೌಲಾ ಮೂರ್ಛೆ ಹೋದಳು. ಉಪವಾಸವೇ ಹುಡುಗಿಯನ್ನು ಕೊಂದಿತು, ಈ ಸನ್ಯಾಸಿಗಳನ್ನು ಊರಿನಿಂದ ಓಡಿಸಬೇಕು ಎಂದು ಜನ ಗೊಣಗಿದರು. ಹಾಗೆ ಬರೆದಿಟ್ಟವರು ಸ್ವತಃ ಜೆರೋಮರೇ. ಮರುವರ್ಷ ಅವರು ರೋಮ್ ಬಿಟ್ಟರು.

ಆದರೆ ಕ್ರೈಸ್ತ ಪರಂಪರೆ ಇಂತಹ ಉಪವಾಸವನ್ನು ಕಣ್ಣು ಮುಚ್ಚಿ ಒಪ್ಪಿತ್ತು ಎನ್ನುವುದು ಅನ್ಯಾಯವಾದೀತು. ಇಂದಿನ ತುರ್ಕಿಯಲ್ಲಿದ್ದ ಗಂಗ್ರಾ ಪಟ್ಟಣದಲ್ಲಿ 4ನೇ ಶತಮಾನದಲ್ಲಿ ಸೇರಿದ ಧರ್ಮಸಭೆಯು, ವೈರಾಗ್ಯದ ಹೆಸರಿನಲ್ಲಿ ಭಾನುವಾರವೂ ಉಪವಾಸ ಮಾಡುವವರನ್ನು ಖಂಡಿಸಿತು. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ಮಠದ ನಿಯಮದಲ್ಲಿ ದಿನಕ್ಕೊಂದು ತೂಕದ ರೊಟ್ಟಿ ಮತ್ತು ಬೇಯಿಸಿದ ಎರಡು ಬಗೆಯ ಪದಾರ್ಥಗಳಿವೆ. ಒಂದು ಹಿಡಿಸದವನು ಇನ್ನೊಂದನ್ನು ಉಣ್ಣಲಿ ಎಂಬ ಕಾಳಜಿಯೂ ಅಲ್ಲಿದೆ. ನಿಮ್ಮ ಶರೀರ ಪವಿತ್ರಾತ್ಮನ ಆಲಯ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದರು. ಆಲಯವನ್ನು ಯಾರೂ ಕೆಡವುವುದಿಲ್ಲ.

ಹೀಗಿದ್ದೂ ನಿಯಮ ಒಂದು ಕಡೆ, ಜನರ ಮೆಚ್ಚುಗೆ ಇನ್ನೊಂದು ಕಡೆ ಸಾಗಿತು. ಇದಕ್ಕೆ ಅತ್ಯಂತ ಪ್ರಸಿದ್ಧ ಉದಾಹರಣೆ ಇಟಲಿಯ ಸಿಯೆನಾದ ಕ್ಯಾಥರೀನ್. 1347ರಲ್ಲಿ ಬಟ್ಟೆಗೆ ಬಣ್ಣ ಹಾಕುವವನ ಮನೆಯಲ್ಲಿ ಹುಟ್ಟಿದವಳು. 1362ರಲ್ಲಿ ಪ್ರೀತಿಯ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು. ಮನೆಯವರು ಕ್ಯಾಥರೀನಳಿಗೆ ಮದುವೆಯ ಒತ್ತಾಯ ಮಾಡಿದಾಗ ಆಕೆ ತಲೆಗೂದಲು ಕತ್ತರಿಸಿಕೊಂಡಳು. ರೊಟ್ಟಿ, ನೀರು, ಹಸಿ ಸೊಪ್ಪಿಗೆ ಇಳಿದ ಆಹಾರ ಕ್ರಮೇಣ ಅದಕ್ಕಿಂತಲೂ ಕಡಿಮೆಯಾಯಿತು. ನುಂಗಿದ್ದನ್ನು ಗಂಟಲಿಗೆ ಕಡ್ಡಿ ತೂರಿಸಿ ಹೊರಹಾಕುತ್ತಿದ್ದಳೆಂದು ಆಕೆಯ ಗುರುವೂ ಜೀವನಚರಿತ್ರೆಕಾರರೂ ಆದ ಕಾಪುವಾದ ರೇಮಂಡ್ ಬರೆದಿದ್ದಾರೆ.

ಆಕೆ ಮೂಲೆಯಲ್ಲಿ ಕುಳಿತವಳಲ್ಲ. ರೋಗಿಗಳ ಸೇವೆ ಮಾಡಿದಳು. 1376ರಲ್ಲಿ ಅವಿನ್ಯೋನ್‌ಗೆ ಹೋಗಿ, ರೋಮ್‌ಗೆ ಮರಳುವಂತೆ ಪೋಪ್ 11ನೇ ಗ್ರೆಗರಿಯವರನ್ನು ಒತ್ತಾಯಿಸಿದಳು. 1380ರಲ್ಲಿ ನೀರನ್ನೂ ಬಿಟ್ಟಳು. ಅದೇ ಏಪ್ರಿಲ್‌ನಲ್ಲಿ, 33ನೇ ವಯಸ್ಸಿನಲ್ಲಿ ತೀರಿಕೊಂಡಳು. ನಾವಿಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜನ ಅದನ್ನು ಪವಾಡವೆಂದರು, ಕೆಲವರು ಸೈತಾನನ ಆಟವೆಂದು ಶಂಕಿಸಿದರು. ಕ್ಯಾಥರೀನ್ ಮಾತ್ರ ಒಂದು ಪತ್ರದಲ್ಲಿ ಇದನ್ನು ದೌರ್ಬಲ್ಯವೆಂದು ಕರೆದು, ಎಲ್ಲರಂತೆ ಉಣ್ಣುವಂತಾಗಲಿ ಎಂದು ತಾನು ದೇವರಲ್ಲಿ ಬೇಡುತ್ತಿರುವುದಾಗಿ ತಿಳಿಸಿದಳು. ಆ ಮಾತಿಗೆ ಯಾರೂ ಹೆಚ್ಚು ಕಿವಿಗೊಡಲಿಲ್ಲ.

ಇತಿಹಾಸಕಾರ ರುಡಾಲ್ಫ್ ಬೆಲ್ 1985ರ ತಮ್ಮ ಕೃತಿಯಲ್ಲಿ ಇದನ್ನು ಇಂದಿನ ಅನೊರೆಕ್ಸಿಯಾಕ್ಕೆ ಹೋಲಿಸಿದರು. ಆ ಕಾಲದ ಹೆಣ್ಣಿನ ಭಕ್ತಿಯನ್ನು ಇಂದಿನ ಕಾಯಿಲೆಯ ಹೆಸರಿಗೆ ಇಳಿಸಬಾರದು ಎಂಬ ನಿಲುವನ್ನು ಕ್ಯಾರೊಲಿನ್ ಬೈನಮ್ 1987ರಲ್ಲಿ ಮುಂದಿಟ್ಟರು. ಇಬ್ಬರ ಮಾತಿನಲ್ಲೂ ತೂಕವಿದೆ.

ಭಕ್ತಿಯ ಈ ಕಥೆ 19ನೇ ಶತಮಾನದ ಬ್ರಿಟನ್ನಿನಲ್ಲಿ ಜಾತ್ರೆಯಾಯಿತು. ವೇಲ್ಸ್‌ನ ಹಳ್ಳಿಯ ಹುಡುಗಿ ಸಾರಾ ಜೇಕಬ್ ಎರಡು ವರ್ಷದಿಂದ ಏನೂ ತಿಂದಿಲ್ಲವೆಂಬ ಸುದ್ದಿ ಹಬ್ಬಿತು. ನೋಡಲು ಬಂದವರು ಕಾಣಿಕೆ ಇಟ್ಟುಹೋದರು. 1869ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ದಾದಿಯರನ್ನು ಹಗಲಿರುಳು ಕಾವಲಿಗೆ ಕೂರಿಸಿದರು. ಕೇಳಿದರೆ ಕೊಡಿ, ನೀವಾಗಿ ಕೊಡಬೇಡಿ ಎಂಬುದು ಅವರಿಗಿದ್ದ ಸೂಚನೆ. ಹುಡುಗಿ ಕೇಳಲಿಲ್ಲ. ಸುಮಾರು ಎಂಟು ದಿನಗಳಲ್ಲಿ, 12ನೇ ವಯಸ್ಸಿನಲ್ಲಿ ಸತ್ತಳು. ತಂದೆತಾಯಿ ಜೈಲಿಗೆ ಹೋದರು. ನೋಡಲು ಬಂದವರಿಗೆ ಯಾವ ಶಿಕ್ಷೆಯೂ ಇರಲಿಲ್ಲ.

ಅದೇ ಗೈಸ್ ಆಸ್ಪತ್ರೆಯ ವೈದ್ಯ ವಿಲಿಯಂ ಗಲ್ 1873ರಲ್ಲಿ ಈ ಸ್ಥಿತಿಯನ್ನು ಕಾಯಿಲೆಯೆಂದು ವಿವರಿಸಿದರು; ಅದಕ್ಕೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ನಿಂತಿತು. ನಿಯಮಿತ ವೇಳೆಗೆ ಆಹಾರ, ಮೈಗೆ ಬಿಸುಪು, ದಾದಿಯರ ಆರೈಕೆ ಅವರ ಚಿಕಿತ್ಸೆಯಾಗಿತ್ತು. ಪವಾಡವೂ ಅಲ್ಲ, ಮೋಸವೂ ಅಲ್ಲ ಎಂಬ ಮೂರನೆಯ ದಾರಿಯನ್ನು ವೈದ್ಯಕೀಯ ತೋರಿಸಿತು.

20ನೇ ಶತಮಾನದಲ್ಲಿ ಹೊಗಳಿಕೆಯ ಭಾಷೆ ಬದಲಾಯಿತು. ಅಮೆರಿಕದ ಪಾದ್ರಿ ಚಾರ್ಲಿ ಶೆಡ್ 1957ರಲ್ಲಿ ಪ್ರಾರ್ಥನೆಯಿಂದ ತೂಕ ಇಳಿಸುವ ಪುಸ್ತಕ ಬರೆದರು. 1986ರಲ್ಲಿ ಗ್ವೆನ್ ಶ್ಯಾಂಬ್ಲಿನ್ ಆರಂಭಿಸಿದ ತೂಕ ಇಳಿಸುವ ತರಗತಿಗಳು ಮುಂದೆ ಚರ್ಚುಗಳಿಗೂ ಹಬ್ಬಿದವು. ತೆಳ್ಳಗಿನ ಮೈ ಮತ್ತೆ ಧರ್ಮನಿಷ್ಠೆಯ ಗುರುತಾಯಿತು. ಈ ನಡುವೆ 1983ರಲ್ಲಿ ಗಾಯಕಿ ಕರೆನ್ ಕಾರ್ಪೆಂಟರ್ ಅನೊರೆಕ್ಸಿಯಾದಿಂದ ಹೃದಯ ದುರ್ಬಲಗೊಂಡು 32ನೇ ವಯಸ್ಸಿನಲ್ಲಿ ತೀರಿಕೊಂಡಾಗ ಜಗತ್ತು ಬೆಚ್ಚಿತು.

ಸಾವಿರದ ಆರುನೂರು ವರ್ಷಗಳ ಈ ಕಥೆಯಲ್ಲಿ ಉಪವಾಸವೇ ಅಪರಾಧಿಯಲ್ಲ. ಉಪವಾಸಕ್ಕೆ ಒಂದು ಮುಕ್ತಾಯವಿದೆ, ಅದರ ಕೊನೆಗೆ ಎಲ್ಲರೊಡನೆ ಕುಳಿತು ಉಣ್ಣುವ ಸಂತೋಷವಿದೆ. ಈ ಕಾಯಿಲೆಗೆ ಆ ಮುಕ್ತಾಯವಿಲ್ಲ. ನಮ್ಮ ಮನೆಯ ಮಗುವೊಂದು ತಟ್ಟೆಯಿಂದ ದೂರ ಸರಿಯುತ್ತಿದ್ದರೆ ಅದನ್ನು ಸಂಯಮವೆಂದು ಹೊಗಳುವುದೂ ಬೇಡ, ಹಟವೆಂದು ಬೈಯುವುದೂ ಬೇಡ. ಬೇಗನೆ ವೈದ್ಯರಲ್ಲಿಗೆ ಕರೆದೊಯ್ಯೋಣ, ಜೊತೆಯಲ್ಲಿ ಕುಳಿತು ಉಣ್ಣೋಣ. ಕ್ಯಾಥರೀನಳ ಪತ್ರವನ್ನು ಅಂದಿನವರು ಸರಿಯಾಗಿ ಓದಲಿಲ್ಲ. ನಾವಾದರೂ ಓದೋಣ.