ನೀರಬೇಂಟೆಯ ಮಱಸು: ಕೃಷ್ಣಾತೀರವನ್ನು ಕುರಿತು ಒಂದು ವಿಚಾರ

ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಬೇಂಟೆಯ ವರ್ಣನೆಗೆ ಕೊರತೆಯಿಲ್ಲ. ಬೇಡಪಡೆ, ಬೇಂಟೆನಾಯಿ, ಬಲೆ, ಕುಣಿಕೆ ಇವುಗಳ ವಿವರಗಳನ್ನು ಓದುಗರು ಬಲ್ಲರು. ಆದರೆ ಅದೆಲ್ಲವೂ ಬಹುಮಟ್ಟಿಗೆ ಕಾಡಿನ ಬೇಂಟೆ. ನೀರಿನ ಮೇಲಣ ಹಕ್ಕಿಯ ಬೇಂಟೆಯನ್ನು, ಅದರಲ್ಲಿಯೂ ಸಣ್ಣ ದೋಣಿಯನ್ನು ಮರೆಮಾಡಿಕೊಂಡು ಬಾತುಗಳ ಹಿಂಡನ್ನು ಸಮೀಪಿಸುವ ಉಪಾಯವನ್ನು, ಕವಿಗಳು ಅಷ್ಟಾಗಿ ಮುಟ್ಟಿದವರಲ್ಲ. ಕಾರಣವು ಸ್ಪಷ್ಟ. ಕೊಳವೂ ಹೊಳೆಯೂ ಕವಿಗೆ ಹಂಸೆಗಳ ನೆಲೆ, ಜಕ್ಕವಕ್ಕಿಗಳ ವಿರಹದ ನೆಲೆ. ಎಣೆವಕ್ಕಿಯೆಂದು ಯಾವುದನ್ನು ಹೆಸರಿಸಿ ಮರುಗಿದನೋ ಅದನ್ನೇ ಗುರಿಯಾಗಿಸಲು ಅವನಿಗೆ ಮನಸ್ಸು ಬಾರದು. ಕವಿಯು ಹೇಳಲಿಲ್ಲವೆಂದ ಮಾತ್ರಕ್ಕೆ ಆ ಬೇಂಟೆ ನಡೆಯಲಿಲ್ಲವೆಂದು ತೀರ್ಮಾನಿಸಲಾಗದು. ಅಶೋಕನ ಐದನೆಯ ಸ್ತಂಭಶಾಸನದ ಅವಧ್ಯಪ್ರಾಣಿಗಳ ಪಟ್ಟಿಯಲ್ಲಿ ಹಂಸ ಚಕ್ರವಾಕಗಳಿವೆ. ಕೌಟಿಲ್ಯನ ಅರ್ಥಶಾಸ್ತ್ರದ ಸೂನಾಧ್ಯಕ್ಷ ಪ್ರಕರಣದಲ್ಲಿಯೂ ಅವುಗಳಿಗೆ ರಕ್ಷೆಯುಂಟು. ಯಾರೂ ಕೊಲ್ಲದಿದ್ದುದನ್ನು ಕೊಲ್ಲಬೇಡವೆಂದು ವಿಧಿಸುವ ಅವಶ್ಯಕತೆ ಬಾರದಷ್ಟೆ.

ಕೃಷ್ಣೆಯು ಕನ್ನಡನಾಡನ್ನು ಹೊಗುವ ಸೀಮೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ನಿಪ್ಪಾಣಿಯ ಸಮೀಪದ ವೇದಗಂಗೆಯ ನೀರು ದೂಧಗಂಗೆಯಲ್ಲಿ ಸೇರಿ ಚಿಕ್ಕೋಡಿ ಸೀಮೆಯಲ್ಲಿ ಕೃಷ್ಣೆಗೆ ಬರುತ್ತದೆ. ಮುಂದೆ ಹೊಳೆಯು ಕಾಗವಾಡದ ಕಡೆಯ ಉಗಾರ, ರಾಯಬಾಗದ ಕಡೆಯ ಕುಡಚಿ ಇವುಗಳ ಮಗ್ಗುಲಲ್ಲಿ ಹಾದು ಅಥಣಿಯ ಸೀಮೆಯಲ್ಲಿ ಮೂಡಲಿಗೆ ಸಾಗುತ್ತದೆ. ಮಳೆಗಾಲದಲ್ಲಿ ಉಕ್ಕುವ ಈ ಹೊಳೆ, ಕಟ್ಟೆಗಳು ಏಳುವುದಕ್ಕೆ ಮೊದಲು, ಚಳಿಗಾಲದ ಹೊತ್ತಿಗೆ ಇಳಿದು ಮಳಲದಿಣ್ಣೆಗಳೂ ಮಡುಗಳೂ ಆಗಿ ಒಡೆಯುತ್ತಿತ್ತು. ಉತ್ತರದಿಂದ ಬಾತುಗಳೂ ಜಕ್ಕವಕ್ಕಿಗಳೂ ಪಟ್ಟೆತಲೆಯ ಹೆಬ್ಬಾತುಗಳೂ ದಖ್ಖನಿನ ಹೊಳೆಕೆರೆಗಳಿಗೆ ಬರುವ ಕಾಲವೂ ಅದೇ. ಈ ಸೀಮೆಯನ್ನೊಳಗೊಂಡ ದಕ್ಷಿಣ ಮರಾಠಾ ದೇಶದ ಪಕ್ಷಿಗಳ ಪಟ್ಟಿಯೊಂದನ್ನು ಇ. ಎ. ಬಟ್ಲರ್ ಎಂಬ ಸೈನ್ಯಾಧಿಕಾರಿಯು 1881ರಲ್ಲಿ, ಹ್ಯೂಮನು ನಡೆಸುತ್ತಿದ್ದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಅಚ್ಚುಹಾಕಿಸಿದನು.

ಹೆಬ್ಬಾತೂ ಜಕ್ಕವಕ್ಕಿಯೂ ಹಗಲಿನಲ್ಲಿ ಬಯಲು ಮಳಲಿನ ಮೇಲೆ, ಸುತ್ತಲೂ ನೋಟವು ಹರಿಯುವೆಡೆಯಲ್ಲಿ ತಂಗುತ್ತವೆ. ಹೆಬ್ಬಾತುಗಳು ಇರುಳಾದ ಮೇಲೆ ಹೊಲಗಳಿಗೆ ಮೇಯಲು ಹೋಗುತ್ತವೆ. ಕರಿಮಣ್ಣಿನ ಎತ್ತರದ ದಡದಿಂದ ಇಳಿಯುವವನ ಆಕಾರವು ಬಾನಿಗೆ ಎದುರಾಗಿ ಎದ್ದು ಕಾಣುವುದು. ಆದುದರಿಂದ ಬೇಂಟೆಗಾರನಿಗೆ ಎರಡೇ ದಾರಿ: ಸಂಜೆ ಅವು ಹಾರುವ ದಾರಿಯಲ್ಲಿ ಹೊಂಚಿ ಕುಳ್ಳಿರುವುದು, ಇಲ್ಲವೆ ನೀರಿನ ಮೇಲಿನಿಂದಲೇ ಸಮೀಪಿಸುವುದು. ಎರಡನೆಯದಕ್ಕೆ ದೋಣಿ ಬೇಕು. ದೋಣಿಯೇನೋ ದಡದ ಮನುಷ್ಯನಿಗಿಂತ ದೊಡ್ಡ ವಸ್ತು!

ಈ ಕಷ್ಟವನ್ನು ಪಾಶ್ಚಾತ್ಯರು ಬಗೆಹರಿಸಿಕೊಂಡ ರೀತಿಯು ತಿಳಿದುದೇ. ಇಂಗ್ಲೆಂಡಿನ ಪೀಟರ್ ಹಾಕರನು ತನ್ನ ಹೆಸರಾಂತ ಬೇಟೆಯ ಗ್ರಂಥವನ್ನು 1814ರಲ್ಲಿ ಹೊರಡಿಸಿದನು. ಅವನು ಬಳಸುತ್ತಿದ್ದ ಚಪ್ಪಟೆ ದೋಣಿಯಲ್ಲಿ ಬೇಂಟೆಗಾರನು ಕುಳಿತುಕೊಳ್ಳನು, ಬೋರಲಾಗಿ ಮಲಗುವನು. ಬಂದೂಕವನ್ನು ದೋಣಿಯ ಮೂತಿಗೇ ಕಟ್ಟಿರುವರು. ಬಣ್ಣವು ನೀರಿನ ಮಂಜಿನದು. ಅಮೆರಿಕದ ನ್ಯೂ ಜರ್ಸಿಯಲ್ಲಿ ಹೇಜಲ್ಟನ್ ಸೀಮನ್ ಎಂಬ ದೋಣಿಗೆಲಸದವನು 1836ರಲ್ಲಿ ಕಟ್ಟಿದ ಪುಟ್ಟ ದೋಣಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಮೇಲ್ಭಾಗವು ಆಮೆಯ ಬೆನ್ನಿನಂತೆ ಬಾಗಿ ನೀರಿಗೆ ಅಂಟಿಕೊಂಡಿರುವುದು. ಮೇಲೆ ಜೊಂಡನ್ನು ಹೊದಿಸಿದರೆ ದೋಣಿಯೆಂಬುದೇ ಇಲ್ಲ. ಎತ್ತರವನ್ನು ತಗ್ಗಿಸು, ಹೊಳಪನ್ನು ಕೊಲ್ಲು, ಹುಟ್ಟಿನ ಸದ್ದನ್ನು ಅಡಗಿಸು: ಈ ಕಲೆಯ ಸಾರ ಇಷ್ಟೇ. ಕಾಣದಂತೆ ಆಗುವುದೇ ಅದರ ಗುರಿ.

ನಮ್ಮ ನಾಡಿನ ಬೇಂಟೆಯ ಕುಲಗಳ ಯುಕ್ತಿಯು ಬೇರೆಯ ಜಾತಿಯದು. ಬೆಳಗಾವಿ ಧಾರವಾಡಗಳ ಕಡೆ ಹರಣಶಿಕಾರಿ, ಅಡವಿಚಿಂಚರ, ಫಾಂಸೆಪಾರಧಿ ಎಂಬ ಹೆಸರುಗಳಿಂದ ಕರೆಯಿಸಿಕೊಂಡ ಜನರ ಬಂಧುವರ್ಗದಲ್ಲಿ ‘ಗಾಯಿಪಾರಧಿ’ಗಳೆಂಬ ಪಂಗಡವುಂಟು. ಇವರು ಪಳಗಿಸಿದ ಹಸುವನ್ನೋ ಎತ್ತನ್ನೋ ಮೇಯುವಂತೆ ನಡೆಯಿಸಿ, ಅದರ ಮಗ್ಗುಲಲ್ಲಿ ತಾವು ಬಾಗಿ ನಡೆದು ಬೇಂಟೆಯನ್ನು ಸಮೀಪಿಸುತ್ತಿದ್ದರು. ಮಿಗವು ಎತ್ತನ್ನು ಕಾಣುತ್ತದೆ, ಕಂಡೂ ಬೆದರದು. ನೀರಿನಲ್ಲಿ ಇದೇ ಯುಕ್ತಿ ಮಡಕೆಯ ರೂಪವನ್ನು ತಾಳಿತು. ಭಾರತದ ಹಕ್ಕಿಹಿಡಿಯುವವರು ಬಾತುಗಳಿರುವ ನೀರಿನಲ್ಲಿ ಬರಿಯ ಮಡಕೆಗಳನ್ನು ಕೆಲವು ದಿನ ತೇಲಬಿಟ್ಟು, ಹಕ್ಕಿಗಳಿಗೆ ಅವು ರೂಢಿಯಾದ ಮೇಲೆ, ಕಣ್ಣಿಗೆ ತೂತುಮಾಡಿದ ಮಡಕೆಯೊಂದನ್ನು ತಲೆಗೆ ಮುಚ್ಚಿಕೊಂಡು ಕೊರಳುದ್ದ ನೀರಿನಲ್ಲಿ ಮೆಲ್ಲನೆ ನಡೆದು, ಬಾತನ್ನು ಕಾಲುಹಿಡಿದು ಕೆಳಕ್ಕೆ ಎಳೆಯುತ್ತಿದ್ದ ಸಂಗತಿಯು 19ನೆಯ ಶತಮಾನದ ಬೇಟೆಯ ಬರಹಗಳಲ್ಲಿ ಮರಳಿಮರಳಿ ಬರುತ್ತದೆ. ಚೀಣದಲ್ಲಿಯೂ ಅಮೆರಿಕದ ಮೂಲನಿವಾಸಿಗಳಲ್ಲಿಯೂ ಮಡಕೆಯ ಸ್ಥಾನದಲ್ಲಿ ಸೋರೆಬುರುಡೆಯನ್ನು ಹೇಳಿದೆ. ಸೋರೆಬುರುಡೆಯು ನಮ್ಮಲ್ಲಿಯೂ ಹೊಳೆ ದಾಟುವ ಸಾಧನವಾಗಿದ್ದಿತು. ಕೌಟಿಲ್ಯನು ಸೈನ್ಯವನ್ನು ನೀರು ದಾಟಿಸುವ ಉಪಕರಣಗಳಲ್ಲಿ ಅಲಾಬುವನ್ನು ಎಣಿಸಿದ್ದಾನೆ. ಇಲ್ಲಿ ದೋಣಿಯನ್ನು ಅಡಗಿಸುವ ಪ್ರಶ್ನೆಯೇ ಏಳದು: ದೋಣಿಯನ್ನು ಕಳೆದು ಮನುಷ್ಯನೊಬ್ಬನನ್ನು ಉಳಿಸಿಕೊಂಡು, ಅವನನ್ನು ಹಕ್ಕಿಗೆ ಪರಿಚಿತವಾದ ವಸ್ತುವಾಗಿ ಮಾಡಿದ್ದಾಯಿತು. ಬಡವನ ಬೇಂಟೆಯೆಂದು ಇದನ್ನು ಕೀಳ್ಗಳೆದ ಬಿಳಿಯ ಬೇಂಟೆಗಾರರುಂಟು. ಒಂದು ಗುಂಡಿಗೆ ಹಿಂಡನ್ನೇ ಕೆಡಹುವ ಬಂದೂಕಕ್ಕಿಂತ ಇದರಲ್ಲಿ ಹಕ್ಕಿಯ ಸ್ವಭಾವಜ್ಞಾನ ಹೆಚ್ಚೆಂಬುದು ನಮ್ಮ ಮತ.

ಈ ಎರಡು ಯುಕ್ತಿಗಳಿಗೂ ಕನ್ನಡದಲ್ಲಿ ಬೇರೆ ಬೇರೆ ಮಾತುಗಳಿರುವುದು ಗಮನಾರ್ಹ. ಒಂದು, ‘ದೀಹ’; ದೀವ, ದೀಮ ಎಂದೂ ರೂಪಗಳುಂಟು. ತನ್ನ ಜಾತಿಯ ಮಿಗಗಳನ್ನು ಬಲೆಗೆ ತರುವಂತೆ ಪಳಗಿಸಿದ ಪ್ರಾಣಿ ಎಂದು ಅರ್ಥ. ಇನ್ನೊಂದು, ‘ಮಱಸು’. ಮಲೆನಾಡಿನ ಬೇಂಟೆಗಾರರು ಮರದ ಮೇಲೆ ಅಡಗಿ ಮಿಗವನ್ನು ಕಾಯುವುದನ್ನು ‘ಮರಸು ಕೂರುವುದು’ ಎನ್ನುತ್ತಾರೆ. ‘ಮಱೆ’ ಎಂಬ ಧಾತುವಿಗೆ ಅಡಗು ಎಂಬ ಅರ್ಥವೂ ನೆನಪಿನಿಂದ ಜಾರು ಎಂಬ ಅರ್ಥವೂ ಇರುವುದರಿಂದ, ‘ಮಱಸು’ ಎಂದರೆ ಅಡಗಿಸು ಎಂದೂ ಆಯಿತು, ಮರೆಯುವಂತೆ ಮಾಡು ಎಂದೂ ಆಯಿತು. ಮಡಕೆ ತೇಲಬಿಟ್ಟವನು ಮಾಡಿದುದು ಈ ಎರಡನೆಯದನ್ನು. ಬರಿಯ ಮಡಕೆಗಳು ಹಕ್ಕಿಯ ಸಂಶಯವನ್ನು ಮರೆಯಿಸಿದವು, ಕೊನೆಯ ಮಡಕೆ ಮನುಷ್ಯನನ್ನು ಮರೆಮಾಡಿತು. ನೀರಬೇಂಟೆಯ ಚರಿತ್ರೆಗೆ ಕಾವ್ಯಕ್ಕಿಂತ ಪದಕೋಶವೇ ಒಳ್ಳೆಯ ಸಾಕ್ಷಿಯೆನ್ನುವುದಕ್ಕೆ ಇದೊಂದು ನಿದರ್ಶನ.

ಶಾಸ್ತ್ರಗ್ರಂಥದ ಸಾಕ್ಷ್ಯವೂ ಒಂದಿದೆ. ಕಲ್ಯಾಣದ ಚಾಲುಕ್ಯ ಭೂಲೋಕಮಲ್ಲ ಸೋಮೇಶ್ವರನ ಮಾನಸೋಲ್ಲಾಸವು ಶಕ 1051ರ, ಎಂದರೆ ಕ್ರಿ.ಶ. 1129ರ, ಸುಮಾರಿನದು. ಕೂಂಡಿ ಮೂರುಸಾಸಿರವನ್ನಾಳುತ್ತಿದ್ದ ಸವದತ್ತಿಯ ರಟ್ಟರು ಆಗ ಚಾಲುಕ್ಯರಿಗೆ ಅಧೀನರಾದುದರಿಂದ ಈ ಗ್ರಂಥವು ನಾವು ಹೇಳುವ ಸೀಮೆಗೆ ಹೊರಗಿನದಲ್ಲ. ಅದರಲ್ಲಿ ಮೃಗಯಾವಿನೋದ, ಶ್ಯೇನವಿನೋದ, ಮತ್ಸ್ಯವಿನೋದಗಳೆಂದು ಬೇರೆ ಬೇರೆ ಪ್ರಕರಣಗಳಿವೆ. ಪಳಗಿಸಿದ ಜಿಂಕೆಯಿಂದ ಜಿಂಕೆಯನ್ನು ಸೆಳೆಯುವ ಕ್ರಮವನ್ನೂ ಹೇಳಿದೆ. ಹಕ್ಕಿಯ ಬೇಂಟೆಯಾದರೋ ಅರಸನಿಗೆ ಡೇಗೆಯ ಮೂಲಕ. ಕೈಯ ಮೇಲಿನ ಹಕ್ಕಿಯನ್ನು ಹಾರಿಸಿ ಆಕಾಶದಲ್ಲಿ ನಡೆಯುವ ಹೋರಾಟವನ್ನು ಪರಿವಾರದೊಡನೆ ನೋಡುವುದು ವಿನೋದ. ಕೊರಳುದ್ದ ನೀರಿನಲ್ಲಿ ಮಡಕೆ ಹೊತ್ತು ನಿಲ್ಲುವುದು ಜೀವನ. ಗ್ರಂಥದ ಹೆಸರೇ ಹೇಳುವಂತೆ ಉಲ್ಲಾಸಕ್ಕಾಗಿ ಬರೆದುದರಲ್ಲಿ ಎರಡನೆಯದನ್ನು ಹುಡುಕಬಾರದು.

ಈ ಬೇಂಟೆಗಳೆಲ್ಲ ಈಗ ಮುಗಿದ ಮಾತು. 1912ರ ಕಾಯಿದೆಯು ಬಾತುಗಳನ್ನು ತನ್ನ ಪಟ್ಟಿಗೆ ಸೇರಿಸಿ, ಬೇಂಟೆಗೆ ನಿಷಿದ್ಧವಾದ ಕಾಲವನ್ನು ಗೊತ್ತುಪಡಿಸುವ ಅಧಿಕಾರವನ್ನು ಪ್ರಾಂತ ಸರಕಾರಗಳಿಗೆ ಕೊಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ 1991ರ ತಿದ್ದುಪಾಟೂ ಪರವಾನಗಿಯ ಬೇಂಟೆಗೂ ಕೊನೆಹಾಡಿದವು. ಹಿಪ್ಪರಗಿಯ ಕಟ್ಟೆಯ ಹಿನ್ನೀರು ನಿಂತಷ್ಟು ದೂರವೂ ಹಳೆಯ ಮಳಲದಿಣ್ಣೆಗಳು ನೀರಿನಡಿಗೆ ಹೋಗಿವೆ. ಅಂಬಿಗರ, ಪಾರಧಿಗಳ ಮನೆಮಾತಿನಲ್ಲಿ ನೀರಬೇಂಟೆಯ ಯಾವ ಯಾವ ಶಬ್ದಗಳು ಇನ್ನೂ ಉಳಿದಿವೆಯೆಂಬುದನ್ನು ಚಿಕ್ಕೋಡಿ ಅಥಣಿಗಳ ಕಡೆಯ ಉಪಾಧ್ಯಾಯರು ಕೇಳಿ ಬರೆದಿಡಬೇಕಾಗಿದೆ; ಮುಖ್ಯವಾಗಿ ‘ಮಱಸು’ ಶಬ್ದವು ಬಯಲುಸೀಮೆಯ ಹೊಳೆಯ ದಡದಲ್ಲಿಯೂ ಬಳಕೆಯಲ್ಲಿದ್ದಿತೇ ಎಂಬುದನ್ನು.